ಯಾರ ಮನೆ ಎಂದು ಕೇಳದವನು

ಮೊನ್ನೆ ಶಿರಸಿಯ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಚೀಲದಿಂದ ಹೊಸ ಜೋನಿಬೆಲ್ಲದ ವಾಸನೆ ಬಂತು. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ವಾಸನೆ ಮನುಷ್ಯರನ್ನು ಹಿಂದಕ್ಕೆ ಎಳೆದೊಯ್ಯುತ್ತದೆ ಅಂತ ಯಾರಾದರೂ ಹೇಳಿದರೆ ಪುರಾವೆ ಕೇಳುವವಳು ನಾನು. ಆದರೆ ಅವತ್ತು ಸಿದ್ದಾಪುರದ ಬಸ್ಸು ಬಂದದ್ದೂ ಹೋದದ್ದೂ ನನಗೆ ಗೊತ್ತಾಗಲಿಲ್ಲ...

ನಾನಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಹೆಗ್ಗರಣೆ ಕಡೆ ಗೆಳತಿಯ ದೊಡ್ಡಮ್ಮನ ಗದ್ದೆಯಲ್ಲಿ ಆಲೆಮನೆ ಹೂಡಿದ್ದರು. ಕಬ್ಬು ಅರೆದು ಬೆಲ್ಲ ಕಾಯಿಸುವ ಆ ದಿನಗಳಲ್ಲಿ ನಮ್ಮ ಕಡೆ ಯಾರು ಬಂದರೂ ಕಬ್ಬಿನ ಹಾಲು ಕೊಡುತ್ತಾರೆ. ಕರೆಯಬೇಕಿಲ್ಲ, ಪರಿಚಯವೂ ಬೇಕಿಲ್ಲ. ಹೊಟ್ಟೆ ತುಂಬಿದ ಮೇಲೆ ಮಾತ್ರ ಆ ಪ್ರಶ್ನೆ ಬಂದೇ ಬರುತ್ತದೆ: ಯಾರ ಮನೆ ಕೂಸು?

ಆ ಪ್ರಶ್ನೆಯ ಮೇಲೆ ನನಗೆ ಹಳೆಯ ಸಿಟ್ಟು. ಒಂದೇ ಉಸಿರಿನಲ್ಲಿ ಜಾತಿ, ಜಮೀನು, ಮದುವೆಯ ವಯಸ್ಸು ಎಲ್ಲವನ್ನೂ ಅಳೆಯುವ ಕೋಲು ಅದು ಎಂದು ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದಿದ್ದೆ. ಅವತ್ತು ಕೊಪ್ಪರಿಗೆಯ ಹತ್ತಿರ ಹೋಗುವಷ್ಟರಲ್ಲೇ ಸಿಕ್ಕಸಿಕ್ಕವರಿಗೆಲ್ಲ ಅದೇ ಭಾಷಣ ಬಿಗಿದೆ. ಗೆಳತಿ ಮೊಣಕೈಯಿಂದ ತಿವಿಯುತ್ತಲೇ ಇದ್ದಳು.

ಪಾಕ ಹದಕ್ಕೆ ಬಂತೆಂದು ದೊಡ್ಡಮ್ಮ ಎದ್ದು ಹೋಗಿದ್ದರು. ಅವರು ಬಿಟ್ಟುಹೋದ, ತೊಡೆದೇವು ಎಂಬ ತೆಳು ಸಿಹಿ ಮಾಡುವ ಮಡಕೆಯ ಮುಂದೆ ಒಬ್ಬ ಹುಡುಗ ಕೂತಿದ್ದ. ಒಲೆಯ ಮೇಲೆ ಬೋರಲು ಹಾಕಿದ ಮಡಕೆಗೆ, ಕೋಲಿಗೆ ಸುತ್ತಿದ ಬಟ್ಟೆಯಿಂದ ಹಿಟ್ಟು ಎಳೆಯುತ್ತಿದ್ದ. ಎಳೆದ ಹಿಟ್ಟು ನೋಡನೋಡುತ್ತ ಕಾಗದದಷ್ಟು ತೆಳ್ಳಗೆ ಒಣಗುತ್ತಿತ್ತು. ಮಡಚಲು ಇನ್ನೊಂದು ಜೊತೆ ಕೈ ಬೇಕಿತ್ತು. ನಾನು ಹೋಗಿ ಎದುರಿಗೆ ಕೂತೆ.

ಕೂತವಳು ಸುಮ್ಮನಿರಬೇಕಲ್ಲ? ಈ ಕೆಲಸ ಹೆಂಗಸರದ್ದೇ ಎಂದು ಯಾರು ನಿರ್ಧರಿಸಿದರು ಅಂತ ಶುರು ಮಾಡಿದೆ. ಅವನು ನಗುತ್ತ ಮಡಕೆಯ ಕಡೆ ಕಣ್ಣು ತೋರಿಸಿದ.

"ಮಾತು ಆಮೇಲೆ ಆಡಲಕ್ಕು. ಈಗ ಮಡಚದಿದ್ರೆ ಮುರೀತು."

ಮುರಿದೇ ಹೋಯಿತು. ಚೂರುಗಳನ್ನು ಬಾಳೆಎಲೆಯಲ್ಲಿ ನನ್ನ ಕಡೆ ಸರಿಸಿ, ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಆಮೇಲೆ ನಾನು ಮಾತಾಡಲಿಲ್ಲ. ನನ್ನ ಮಟ್ಟಿಗೆ ಅದೊಂದು ದೊಡ್ಡ ಘಟನೆ. ಅವನು ಎಳೆಯುತ್ತಿದ್ದ, ನಾನು ಮಡಚುತ್ತಿದ್ದೆ. ಕೊಪ್ಪರಿಗೆಯ ಹಬೆ ಇಬ್ಬರ ನಡುವೆ ಬಂದು ನಿಂತಾಗ ಅವನ ಮುಖ ಕರಗಿ, ಕೈ ಮಾತ್ರ ಕಾಣುತ್ತಿತ್ತು. ಮುಂಗೈಯ ಕೂದಲಿಗೆ ಅಂಟಿದ್ದ ಬಿಳಿ ಹಿಟ್ಟು, ಅದರ ಮೇಲೆ ಇಳಿಬಿಸಿಲು... ಎಷ್ಟು ಹೊತ್ತು ಹಾಗಿದ್ದೆವೋ. ಒಮ್ಮೆ ತುಪ್ಪದ ಬಟ್ಟಲಿನಲ್ಲಿ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಮಡಕೆಯನ್ನೇ ನೋಡಿದೆವು.

ಯಾರ ಮನೆ ಎಂದು ಅವನು ಕೇಳಲೇ ಇಲ್ಲ. ಅವನ ಕಡೆ ನಾನು ಪೂರ್ತಿ ವಾಲಿದ್ದು ಅದಕ್ಕೇ. ನನ್ನಂತೆ ಯೋಚಿಸುವ ಒಬ್ಬ ಸಿಕ್ಕ ಎಂದುಕೊಂಡೆ. ಕೇಳಬೇಕೆಂದು ನನ್ನ ಬಾಯಿಗೂ ಬಂದಿತ್ತು. ಗೆದ್ದ ವಾದವನ್ನು ನಾನೇ ಸೋಲಿಸುವುದೇ ಎಂದು ನುಂಗಿಕೊಂಡೆ. ಹೇಗಿದ್ದರೂ ದೊಡ್ಡಮ್ಮನ ನೆಂಟನೇ ಇರಬೇಕು, ಎಲ್ಲಿ ಹೋಗುತ್ತಾನೆ? ಯಾರೋ ಗದ್ದೆಯಾಚೆಯಿಂದ ಬೈಕಿನ ಹಾರ್ನ್ ಬಾರಿಸಿದರು. ಕೋಲು ನನ್ನ ಕೈಗೆ ಕೊಟ್ಟು, "ಬತ್ತೆ" ಎಂದು ಎದ್ದ. ನಮ್ಮ ಕಡೆ ಹೊರಡುವವರೆಲ್ಲ ಹೇಳುವುದು ಬರುತ್ತೇನೆ ಎಂದೇ.

ಸಂಜೆ ಆದಷ್ಟು ಉದಾಸೀನವಾಗಿ ದೊಡ್ಡಮ್ಮನನ್ನು ಕೇಳಿದೆ. ಅವರು ಬೆಲ್ಲದ ಸಟ್ಟುಗ ಹಿಡಿದೇ ನನ್ನನ್ನು ನೋಡಿದರು.

"ಆ ಮಾಣಿಯ? ಆನು ನಿಂಗಳ ಜೊತಿಗೆ ಬಂದವ ಹೇಳಿ ಮಾಡಿದ್ದಿ."

ಅವನು ನಮ್ಮ ಜೊತೆ ಬಂದವನೆಂದೇ ಅವರು ತಿಳಿದಿದ್ದರು. ಅಲ್ಲಿದ್ದ ಯಾರಿಗೂ ಅವನು ಯಾರೆಂದು ಗೊತ್ತಿರಲಿಲ್ಲ. ಪ್ರತಿಯೊಬ್ಬರೂ ಅವನನ್ನು ಇನ್ನೊಬ್ಬರ ಕಡೆಯವನೆಂದುಕೊಂಡಿದ್ದರು. ಎಲ್ಲರನ್ನೂ ಕೇಳಿ ತಿಳಿದುಕೊಳ್ಳುವ ಆ ಊರು, ಅವನೊಬ್ಬನನ್ನು ಮಾತ್ರ ಕೇಳದೆ ಬಿಟ್ಟಿತ್ತು.

ಆ ಪ್ರಶ್ನೆ ತಪ್ಪೆಂದು ಇವತ್ತೂ ಹೇಳುತ್ತೇನೆ. ನನ್ನ ವಾದದಲ್ಲಿ ಲೋಪವಿಲ್ಲ. ಅವನು ಸಿಗಲಿಲ್ಲ, ಅಷ್ಟೇ. ಆದರೂ ಪ್ರತಿ ವರ್ಷ ಕಬ್ಬು ಕಡಿಯುವ ಕಾಲಕ್ಕೆ ಹೆಗ್ಗರಣೆಗೆ ಹೋಗಿ, ಗದ್ದೆಯ ದಾರಿ ಕಾಣುವ ಹಾಗೆ ಕೂರುತ್ತಿದ್ದೆ. ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳದೆಯೇ ಕಾಯುತ್ತಿದ್ದೆ.

ಈ ವರ್ಷ ದೊಡ್ಡಮ್ಮ ಕಬ್ಬು ಹಾಕಲಿಲ್ಲ. ಕೈಲಾಗುವುದಿಲ್ಲವಂತೆ. ಕರೆಯದೆ ಬರಬಹುದಾಗಿದ್ದ ಜಾಗ ಅದೊಂದೇ... ಇನ್ನು ಅವನು ಬರುವುದಾದರೂ ಎಲ್ಲಿಗೆ?