ಹಿಡಿಮಣ್ಣು ಮತ್ತು ಡಯಾಟ್ರೈಬ್

ನನಗೆ ಬಂದ ನೋಟಿಸು ಇಂಗ್ಲಿಷಿನಲ್ಲಿತ್ತು. ಅರಸೀಕೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳನ್ನು ಬೈಯಲು ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಕನ್ನಡ ಸಾಲಲಿಲ್ಲವೇನೋ. ಸ್ಟಾಫ್ ಮೀಟಿಂಗಿನಲ್ಲಿ ನಾನು 'ಡಯಾಟ್ರೈಬ್' ಮಾಡಿದೆನಂತೆ. ಮೂರು ದಿನದೊಳಗೆ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲವೇ ಕೆಲಸ ಬಿಡಬೇಕು.

ನಡೆದದ್ದು ಇಷ್ಟು. ಹುಡುಗಿಯರ ಶೌಚಾಲಯಕ್ಕೆ ಹೊಸ ಟೈಲ್ಸ್ ಹಾಕಿಸಿ, ತಪಾಸಣೆಗೆ ಬರುವವರು ಬರುವತನಕ ಕೊಳೆಯಾಗದಿರಲಿ ಎಂದು ಬೀಗ ಜಡಿದಿದ್ದರು. ಗಂಡಸಿ, ಜಾವಗಲ್ ಕಡೆಯಿಂದ ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತುವ ಹುಡುಗಿಯರು ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಒಬ್ಬಳು ಕೊನೆಯ ಪೀರಿಯಡ್ಡಿನಲ್ಲಿ ನನ್ನ ಕಣ್ಣೆದುರೇ ಕುಸಿದಳು. ಅವಳ ತುಟಿ ಒಣಗಿ ಬಿರಿದಿತ್ತು. ಅದಕ್ಕೆ ಮೊದಲೇ ಎರಡು ಸಲ ಮನವಿ ಬರೆದುಕೊಟ್ಟಿದ್ದೆ, ಉತ್ತರವಿರಲಿಲ್ಲ.

ಆಗ ನೆನಪಾದವಳು ಅಜ್ಜಿ. ನಾನು ಚಿಕ್ಕವಳಿದ್ದಾಗ ಊರಿನಲ್ಲಿ ಅವಳ ತಾಮ್ರದ ಕೊಡ ಕಳುವಾಗಿತ್ತು. ಅಜ್ಜಿ ಹಿಡಿಹಿಡಿ ಮಣ್ಣು ತೂರುತ್ತಾ ಮೂರು ಬೀದಿ ಸುತ್ತಿದಳು. "ನನ್ನ ಕೊಡ ಹೊತ್ತೋರ ಮನೆ ಹಾಳಾಗ!" ಕದ್ದವರು ಯಾರೆಂದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆದರೆ ಹೆಸರು ಎತ್ತಲಿಲ್ಲ. ಯಾಕಜ್ಜಿ ಎಂದರೆ, "ಹೆಸರು ಹಿಡಿದ್ರೆ ಜಗಳ ಆಗ್ತೈತೆ ಕಣೇ, ಕೊಡ ಬರಾಕಿಲ್ಲ" ಎಂದಳು. ಮಾರನೆಯ ಬೆಳಿಗ್ಗೆ ಕೊಡ ಜಗಲಿಯ ಮೇಲಿತ್ತು. ಅಜ್ಜಿ ಅಲ್ಲಿಗೇ ಬಾಯಿ ಮುಚ್ಚಿದಳು. ಯಾರು ತಂದಿಟ್ಟರೆಂದು ಸಾಯುವವರೆಗೂ ಕೇಳಲಿಲ್ಲ.

ಮೀಟಿಂಗಿನಲ್ಲಿ ನಾನೂ ಹೆಸರು ಹೇಳಲಿಲ್ಲ. "ಆ ಬೀಗ ಹಾಕಿದೋರು ಯಾರೋ ನಂಗೆ ಗೊತ್ತಿಲ್ಲ. ಅವರು ಮೂರು ಚೊಂಬು ನೀರು ಕುಡಿದು ಬೇಲೂರಿಗೆ ಬಸ್ಸಲ್ಲಿ ಹೋಗಲಿ, ಬಸ್ಸು ದಾರೀಲಿ ಎಲ್ಲೂ ನಿಲ್ಲದೇ ಇರಲಿ! ನಮ್ಮ ಹುಡುಗೀರು ಅಲ್ಲಿನ ಶಿಲಾಬಾಲಿಕೆಯರಲ್ಲ, ದಿನವಿಡೀ ಹಾಗೇ ನಿಂತಿರೋಕೆ!" ಇನ್ನೂ ಏನೇನೋ ಅಂದೆ. ಅಜ್ಜಿ ಇದ್ದಿದ್ದರೆ ಮೆಚ್ಚುತ್ತಿದ್ದಳು.

ಕಾರ್ಯದರ್ಶಿಗಳು ಧಡಕ್ಕನೆ ಎದ್ದು, "ಯಾರಿಗ್ರೀ ಹೇಳ್ತಿರೋದು?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಗು ಮರೆಸಲು ಎಲ್ಲರೂ ತಲೆ ತಗ್ಗಿಸಿದರು.

ನೋಟಿಸಿನ ಆ ಪದವನ್ನು ಲೈಬ್ರರಿಯ ದಪ್ಪ ನಿಘಂಟಿನಲ್ಲಿ ಹುಡುಕಿದೆ. ಕೋಪದ ಕಟು ನಿಂದನೆ ಎಂದಿತ್ತು. ಕೆಳಗೆ ಅದರ ಹುಟ್ಟು: 'ಉಜ್ಜು' ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಹೊತ್ತನ್ನು ಉಜ್ಜಿ ಸವೆಸುವುದು, ಅಂದರೆ ಹೊತ್ತು ಕಳೆಯುವುದು. ಆಮೇಲೆ ಕಲಿಯುತ್ತಾ ಕಳೆದ ಹೊತ್ತು, ಗುರು ಮಾಡುವ ಉಪನ್ಯಾಸ. ಬೈಗುಳವೆಂಬ ಅರ್ಥ ಎಷ್ಟೋ ಶತಮಾನದ ಮೇಲೆ ಅಂಟಿಕೊಂಡದ್ದು. ಅಂಟಿಸಿದವರು ಪಾಠ ಕೇಳಲು ಮನಸ್ಸಿಲ್ಲದವರೇ ಇರಬೇಕು ಎನಿಸಿ ಒಬ್ಬಳೇ ನಕ್ಕೆ.

ಹಳೆಯ ಅರ್ಥ ಹಿಡಿದು ನಾನು ಬೈಯಲೇ ಇಲ್ಲ, ಪಾಠ ಮಾಡಿದೆ ಅಷ್ಟೇ ಎಂದು ನುಣುಚಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬೈದಿದ್ದೆ, ಮನಸಾರೆ ಬೈದಿದ್ದೆ. ಕನ್ನಡದಲ್ಲೇ ಉತ್ತರ ಬರೆದೆ: "ನಾನು ಬೈದದ್ದು ನಿಜ. ಬೀಗ ತೆಗೆಯುವವರೆಗೆ ಪ್ರತಿ ಮೀಟಿಂಗಿನಲ್ಲೂ ಬೈಯುತ್ತೇನೆ. ಕ್ಷಮೆ ಕೇಳುವುದಿಲ್ಲ." ಕೊಡುವ ಮುಂಚೆ ಇನ್ನೊಮ್ಮೆ ಓದಿಕೊಂಡೆ. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ.

ಮೂರನೆಯ ದಿನ ಬೆಳಿಗ್ಗೆ ಶೌಚಾಲಯದ ಬಾಗಿಲಿನ ಮೇಲೆ ಬೀಗ ಇರಲಿಲ್ಲ. ಹುಡುಗಿಯರು ನಲ್ಲಿಯ ಹತ್ತಿರ ನೂಕಾಡುತ್ತಾ ಗಟಗಟನೆ ನೀರು ಕುಡಿಯುತ್ತಿದ್ದರು. ನಾನು ಯಾರನ್ನೂ ಏನೂ ಕೇಳದೆ ಕ್ಲಾಸಿಗೆ ಹೋದೆ.

ಮಧ್ಯಾಹ್ನ ಕಾರ್ಯದರ್ಶಿಗಳು ಕರೆಸಿದರು. ನನ್ನ ಉತ್ತರ ಅವರ ಮೇಜಿನ ಮೇಲಿತ್ತು.

"ಇದು ಕ್ಷಮಾಪಣೆ ಅಲ್ಲ ಮೇಡಂ. ಬೇರೆ ಬರೆದುಕೊಡಿ."

"ಬೀಗ ಯಾರು ತೆಗೆದ್ರು ಅಂತ ನಾನು ಕೇಳಲಿಲ್ಲ ಸಾರ್" ಎಂದೆ. "ನೀವೂ ಪತ್ರ ಕೇಳಬೇಡಿ."