ಯಾವ ದಿನ ಕೆಟ್ಟಿತು?

ಆಗ ನನಗೆ ಅರವತ್ತಾರು. ಎಂಟು ವರ್ಷದ ಹಿಂದಿನ ಮಾತು. ಚಾಕಿಯಮ್ಮನ ಅಂಗೈ ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ತೊಳೆದು ಬೆಂದ ಮೊಟ್ಟೆಯ ಹಾಗೆ ಬೆಳ್ಳಗಿತ್ತು. ಹೆಬ್ಬೆರಳು ಮಾತ್ರ ಹಿಪ್ಪುನೇರಳೆ ಸೊಪ್ಪಿನ ಕರೆ ಹಿಡಿದು ಕಪ್ಪು. ಕೂದಲೆಳೆಯಂಥ ರೇಷ್ಮೆ ಮರಿಗಳನ್ನು ಸಾಕಿ, ಎರಡನೇ ಜ್ವರ ಎದ್ದ ಮೇಲೆ ಬೈರಕೂರಿನ ಸುತ್ತಿನ ಮನೆಗಳಿಗೆ ಕೊಡುವುದು ಅವಳ ಕಸುಬು. ಹುಳ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮರಿಹುಳಕ್ಕೆ ಚಾಕಿ ಎನ್ನುತ್ತೇವೆ; ಹಾಗಾಗಿ ಅವಳು ಊರಿಗೆಲ್ಲ ಚಾಕಿಯಮ್ಮ.

ಗಂಡ ಇದ್ದವಳು, ಆದರೂ ತಲೆಗೆ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ. ಹುಳಕ್ಕೆ ವಾಸನೆ ಆಗದು. ನನ್ನ ಬಾಯಲ್ಲಿ ಹೊಗೆಸೊಪ್ಪು ತಪ್ಪಿದ್ದಿಲ್ಲ. ಅವಳ ಬಾಗಿಲಿಗೆ ಹೋದರೆ, "ಮೊದ್ಲು ಉಗಿದು, ಬಾಯಿ ತೊಳ್ಕೊಂಡು ಬಾ ಅಕ್ಕಾ. ನೀನು ಒಂದು ಮಾತಾಡಿದ್ರೆ ನನ್ನ ನೂರು ಹುಳ ಹೋಗ್ತವೆ" ಎನ್ನುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ ಹೆಂಗಸು ಅವಳೊಬ್ಬಳೇ.

ಬೆಳೆ ಕೆಟ್ಟಿತೆಂದು ಯಾರು ಬಂದರೂ ಅವಳು ಕೇಳುತ್ತಿದ್ದದ್ದು ಒಂದೇ: "ಯಾವ ದಿನ ಕೆಡ್ತು?" ಎರಡನೇ ಜ್ವರಕ್ಕೆ ಮೊದಲಿನ ರೋಗವಾದರೆ ತಪ್ಪು ತನ್ನದು, ಬೇರೆ ಹುಳ ಕೊಡುತ್ತಿದ್ದಳು. ಆಮೇಲಿನದಾದರೆ ನಮ್ಮದು. ಒಂದು ಸಲ ನಮ್ಮ ಬೆಳೆಗೆ, ಹುಳ ಮೇವು ಬಿಟ್ಟು ಸೊರಗಿ ಸಾಯುವ ಸಪ್ಪೆರೋಗ ಬಂತು. ನಾನು ಬೀದಿಯಲ್ಲಿ ನಿಂತು ಅವಳ ಹುಳಕ್ಕೆ ಬೈದೆ. ಅವಳು ನೇರ ನಮ್ಮ ಹುಳದ ಮನೆಗೆ ಬಂದು, ತಟ್ಟೆಯ ಅಡಿಗೆ ಬೆರಳು ಒರೆಸಿ, ಅಂಟಿದ ಕೊಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಹುಳಾನ ಬೈದಿದ್ದು ಸಾಕು. ಸುಣ್ಣ ಇದ್ಯಾ ಮನೇಲಿ?"

ಆ ವರ್ಷ ಮೊಮ್ಮಗಳು ಸಿಇಟಿ ಬರೆದಿದ್ದಳು. ಅವಳಿಗೆ ದನದ ಡಾಕ್ಟರಾಗುವ ಆಸೆ. ಬಂದ ರ‍್ಯಾಂಕು ನೋಡಿದರೆ ಆ ಕಾಲೇಜಿನ ಗೇಟನ್ನೂ ಮುಟ್ಟುವಂತಿರಲಿಲ್ಲ. ಮಗ, "ಮುಳಬಾಗಿಲಲ್ಲಿ ಡಿಗ್ರಿಗೆ ಸೇರಿಸ್ತೀನಿ, ಮುಗೀತು" ಎಂದ. ಹುಡುಗಿ ಇನ್ನೊಂದು ವರ್ಷ ಕೂತು ಮತ್ತೆ ಬರೆಯುತ್ತೇನೆ ಎಂದಳು. ಮನೆಯಲ್ಲಿ ಸೊಪ್ಪಿನಿಂದ ಹಿಡಿದು ಗೂಡಿನವರೆಗೆ ನನ್ನ ಮಾತೇ ಕೊನೆ. ನಾನು, "ತಲೆ ಇದ್ದಿದ್ರೆ ಮೊದಲನೇ ಸಲವೇ ಬರ್ತಿತ್ತು" ಎಂದುಬಿಟ್ಟೆ. ಮಾರನೇ ದಿನವೇ ಮಗ ಅರ್ಜಿ ತಂದಿಟ್ಟ.

ಅದೇ ದಿನ ಸಂಜೆ ಚಾಕಿಯಮ್ಮ ಮೊಪೆಡ್ಡಿನಲ್ಲಿ ನಮಗೆ ಹೊಸ ಹುಳ ತಂದಳು. ಹುಡುಗಿ ಜಗಲಿಯ ಮೇಲೆ ಅರ್ಜಿ ತುಂಬದೆ ಕೂತಿದ್ದಳು.

"ಏನ್ ಪಾಪಾ, ಮುಖ ಸಪ್ಪೆರೋಗ ಬಂದಂಗೈತೆ?"

"ಪರೀಕ್ಷೆ ಕೆಡಿಸ್ಕೊಂಡ್ಳು" ಎಂದೆ ನಾನು.

"ನಿನ್ನ ಕೇಳಿಲ್ಲ ಅಕ್ಕಾ. ಪಾಪಾ, ಯಾವ ದಿನ ಕೆಡ್ತು?"

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು: "ಮೊದಲನೇ ದಿನ ಬಯಾಲಜಿ ಮುಗಿಸೋ ಹೊತ್ತಿಗೆ ಕಣ್ಣು ಎಳೀತಿತ್ತು. ಎರಡನೇ ದಿನ ಕೆಮಿಸ್ಟ್ರೀಲಿ ಕೊನೇ ಇಪ್ಪತ್ತು ಪ್ರಶ್ನೆ ಓದ್ಲೇ ಇಲ್ಲ ಅತ್ತೆ. ಉತ್ತರದ ಹಾಳೇಲಿ ಸುಮ್ನೆ ಯಾವ್ಯಾವ್ದೋ ಸುನ್ನೆ ತುಂಬ್ದೆ."

"ಬರ್ತಿರ್ಲಿಲ್ವಾ?"

"ಮನೆಗೆ ಬಂದು ನೋಡಿದ್ರೆ ಹದಿನಾಲ್ಕು ಬರ್ತಿತ್ತು."

ಚಾಕಿಯಮ್ಮ ಆ ಕಪ್ಪು ಹೆಬ್ಬೆರಳಿನಲ್ಲಿ ಗೆಣ್ಣು ಎಣಿಸತೊಡಗಿದಳು. "ಯುಗಾದಿ ಆಗಿ ಎರಡು ವಾರಕ್ಕೆ ನಿಮ್ಗೆ ಹುಳ ಕೊಟ್ಟೆ. ನಾಲ್ಕನೇ ಜ್ವರ ಎದ್ದ ಮೇಲೆ ಎಂಟು ದಿನ ರಾಕ್ಷಸ ಮೇವು. ಹುಳ ಹಣ್ಣಾಗಿದ್ದು..." ಎಂದು ನಿಲ್ಲಿಸಿ ನನ್ನನ್ನು ನೋಡಿದಳು. "ಸೊಪ್ಪು ಯಾರು ಕೊಯ್ದಿದ್ದು ಅಕ್ಕಾ?"

ಸೊಸೆಗೆ ಹಸುಗಳೇ ಸಾಕಾಗುತ್ತಿದ್ದವು, ಮಗ ಟೊಮೆಟೊ ಹಿಂದೆ ಅಲೆಯುತ್ತಿದ್ದ. ಕೊಯ್ದವಳು ಹುಡುಗಿಯೇ. ಪರೀಕ್ಷೆಯ ಹಿಂದಿನ ದಿನ ಹಣ್ಣುಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟವಳೂ ಅವಳೇ. ಬೆಳಿಗ್ಗೆ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋದಾಗ ಅವಳ ಕೈಯಲ್ಲಿ ಇನ್ನೂ ಹುಳದ ವಾಸನೆ ಇತ್ತು. ಹುಳ ತರುವ ದಿನ ಗೊತ್ತುಮಾಡಿದವಳು ನಾನು.

"ಅವ್ಳಿಗೆ ತಲೆ ಇಲ್ಲ ಅಂತೀಯಾ?" ಎಂದಳು. "ಅಟ್ಲ ಕಾದಕ್ಕಾ, ಹಂಗಲ್ಲ. ಮಗು ಮತ್ತೆ ಬರೀಲಿ. ಆದ್ರೆ ತಟ್ಟೆ ತೊಳೀದೆ ಎರಡನೇ ಬೆಳೆ ಇಟ್ರೆ ಎರಡನೇದೂ ಅದೇ ಗತಿ. ಬರೋ ಯುಗಾದಿಗೆ ನಿಂಗೆ ನಾನು ಹುಳ ಕೊಡಲ್ಲ."

"ನೀನೊಬ್ಳೇ ಏನು ಹುಳ ಸಾಕೋದು? ಬೇರೆ ಕಡೆ ತರ್ತೀನಿ."

"ತಗೊಂಬಾ, ಯಾರು ಬೇಡ ಅಂದ್ರು. ಆಮೇಲೆ ಮಗೂನ ಮಾತ್ರ ಅನ್ಬೇಡ."

ತಟ್ಟೆ ಇಳಿಸಿ ಹೊರಟಳು. ನಾನು ಕೊಟ್ಟ ಕಾಫಿಯನ್ನೂ ಕುಡಿಯಲಿಲ್ಲ.

ಮುಂದಿನ ಯುಗಾದಿಗೆ ನಮ್ಮ ಹುಳದ ಮನೆ ಖಾಲಿ ಇತ್ತು. ಹುಡುಗಿ ಅಲ್ಲೇ ಚಾಪೆ ಹಾಕಿಕೊಂಡು ಓದಿದಳು. ನಮ್ಮ ಮನೆಯಲ್ಲಿ ತಂಪಾದ ಜಾಗ ಅದೊಂದೇ. ಸೀಟು ಸಿಕ್ಕಿತು. ಈಗ ಭುಜದವರೆಗೆ ರಬ್ಬರು ಕೈಗವಸು ಏರಿಸಿ ಹಸುವಿನ ಹೊಟ್ಟೆಗೆ ಕೈ ಹಾಕುತ್ತಾಳೆ. ಚಾಕಿಯಮ್ಮ ಹೋಗಿ ಎರಡು ವರ್ಷವಾಯಿತು. ಮಣ್ಣು ಮಾಡುವಾಗ ಯಾರೋ ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದ್ದರು. ಅವಳ ತಲೆಯಲ್ಲಿ ಹೂವು ನಾನು ಕಂಡದ್ದು ಅದೇ ಮೊದಲು. ಹೊಗೆಸೊಪ್ಪು ಉಗಿದು, ಬಾಯಿ ತೊಳೆದುಕೊಂಡೇ ಹತ್ತಿರ ಹೋದೆ.

ಇದೆಲ್ಲ ಆಮೇಲಿನದು. ಆ ಸಂಜೆ ನಾನು ಅವಳಿಗೂ ಸೋತೆ ಎನ್ನಲಿಲ್ಲ, ಹುಡುಗಿಗೂ ತಪ್ಪಾಯಿತು ಎನ್ನಲಿಲ್ಲ. ಅಂಥ ಮಾತು ನನಗೆ ಬರುವುದಿಲ್ಲ. ಮಾರನೇ ಬೆಳಿಗ್ಗೆ ಹುಡುಗಿ ಎಂದಿನಂತೆ ಸೊಪ್ಪಿಗೆ ಹೊರಟಿದ್ದಳು. ಅವಳ ಕೈಯಿಂದ ಕುಡುಗೋಲು ಕಿತ್ತುಕೊಂಡೆ. ಮಗ ತಂದಿಟ್ಟಿದ್ದ ಅರ್ಜಿಯನ್ನು ನೀರೊಲೆಗೆ ಹಾಕಿದೆ. ಮಲಗಿದ್ದವನ ಹೊದಿಕೆ ಎಳೆದು, "ಏಳ್ಲಾ, ಸೊಪ್ಪು ಕೊಯ್ಯೋಕೆ" ಎಂದು, ಅವನನ್ನು ಮುಂದೆ ಬಿಟ್ಟುಕೊಂಡು ತೋಟಕ್ಕೆ ನಡೆದೆ.