ಮನೋರಮಾ ಟೀಚರ ಬೆಳಗಿನ ಪಟ್ಟಿ

ಮನೋರಮಾ ಒಂದು ಕಾಲದಲ್ಲಿ ಪೈವಳಿಕೆಯಲ್ಲಿ ಟೈಪ್‌ರೈಟಿಂಗ್ ಕಲಿಸುತ್ತಿದ್ದರು; ನಾನೂ ಅವರಲ್ಲೇ ಕಲಿತದ್ದು. ಯಂತ್ರಗಳು ಗುಜರಿಗೆ ಹೋದ ಮೇಲೂ ಟೀಚರ್ ಎಂಬ ಹೆಸರು ಉಳಿಯಿತು. ಆಮೇಲೆ ಅವರು ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ರೋಗಿಗಳ ದಾಖಲೆ ಬರೆಯುವ ಕೆಲಸಕ್ಕೆ ಸೇರಿದರು.

ಆಸ್ಪತ್ರೆಗೆ ಬರಲಾಗದ ನಲವತ್ತು ಮಂದಿಗೆ ತಿಂಗಳ ಮಾತ್ರೆಯನ್ನು ಮನೆಗೇ ಕಳಿಸುವ ಪದ್ಧತಿ ಅಲ್ಲಿತ್ತು. ಕುಂಞಮ್ಮದ್ ಎಂಬವರು ತಮ್ಮ ರಿಕ್ಷಾದಲ್ಲಿ ಒಯ್ಯುತ್ತಿದ್ದರು. ಒಮ್ಮೆ ಅವರು ನೆನಪಿನ ಮೇಲೆ ನಡೆದು ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರು. ಅಂದಿನಿಂದ, ಆಯಾ ದಿನ ಮದ್ದು ಮುಗಿಯುವವರ ಪಟ್ಟಿ ಕೊಡುವುದು, ಅದರಲ್ಲಿ ಹೆಸರಿಲ್ಲದ ಮನೆಗೆ ಹೋಗಕೂಡದು ಎಂದು ಟೀಚರೇ ನಿಯಮ ಮಾಡಿದರು.

ಆ ಪಟ್ಟಿ ದಿನಾ ತಾನಾಗಿಯೇ ಬರಬೇಕೆಂಬುದು ಅವರ ಆಸೆ. ಕಂಪ್ಯೂಟರಿನ ಡೇಟಾಬೇಸ್ ಕೇಳಿದ್ದನ್ನು ಹೇಳುತ್ತದೆ, ಆದರೆ ಗಂಟೆ ನೋಡಿ ಕೆಲಸಕ್ಕೆ ಏಳುವುದಿಲ್ಲ. ಅದನ್ನು ಎಬ್ಬಿಸಲು ಏಜೆಂಟ್ ಎಂಬ ಇನ್ನೊಂದು ಪ್ರೋಗ್ರಾಂ ಹಾಕಬೇಕು. ೨೦೧೩ರ ಮಳೆಗಾಲದಲ್ಲಿ ಟೀಚರ್ ಇಂಗ್ಲಿಷ್ ಸೂಚನೆಗಳನ್ನು ಮುದ್ರಿಸಿ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ವಾರ ಕುಳಿತರು. ಪಾಸ್‌ವರ್ಡ್ ತಪ್ಪಿತು, ಫೈಲಿನ ದಾರಿ ತಪ್ಪಿತು, ಎರಡು ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದರು. ಕೊನೆಗೊಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಯಾರೂ ಮುಟ್ಟದೆ ಪ್ರಿಂಟರ್ ಪಟ್ಟಿ ಹೊರಹಾಕಿದಾಗ ಅವರು ಎದ್ದುನಿಂತು ಕೈಮುಗಿದರಂತೆ.

ಒಂದು ಕೊರತೆ ಮಾತ್ರ ಉಳಿಯಿತು. ತುಲಾಮಾಸದ ಸಿಡಿಲಿಗೆ ಹಿಂದಿನ ಕಂಪ್ಯೂಟರ್ ಸುಟ್ಟುಹೋದ ಮೇಲೆ, ದಿನಾ ಸಂಜೆ ಬಾಗಿಲು ಹಾಕುವಾಗ ಮೈನ್ ಸ್ವಿಚ್ಚನ್ನೇ ಆರಿಸಿ ಹೋಗುವ ಕ್ರಮ ಆಸ್ಪತ್ರೆಯಲ್ಲಿತ್ತು. ಮರುದಿನ ಕಂಪ್ಯೂಟರ್ ಹಾಕಿದರೆ ಡೇಟಾಬೇಸಿಗಿಂತ ಮೊದಲು ಏಜೆಂಟ್ ಏಳುತ್ತಿತ್ತು. ಎದ್ದು, ಡೇಟಾಬೇಸ್ ಕಾಣದೆ ನಿಂತುಬಿಡುತ್ತಿತ್ತು. ಹಾಗಾಗಿ ಟೀಚರ್ ದಿನಾ ಅದನ್ನು ಕೈಯಿಂದಲೇ ಶುರುಮಾಡುತ್ತಿದ್ದರು. ಮುಂದೆಂದಾದರೂ ಸರಿಮಾಡಿದರಾಯಿತು ಎಂದುಕೊಂಡರು. ತಿಂಗಳು ಹೋದಂತೆ ಅದೂ ದೇವರಿಗೆ ದೀಪ ಇಟ್ಟಷ್ಟೇ ರೂಢಿಯ ಕೆಲಸವಾಯಿತು. ಇನ್ನೊಬ್ಬರಿಗೆ ಹೇಳಿಕೊಡಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ತಾಯಿಯ ಕಣ್ಣಿನ ಆಪರೇಶನ್ನಿಗೆಂದು ಅವರು ನಾಲ್ಕು ದಿನ ಪುತ್ತೂರಿಗೆ ಹೋದರು. ನರ್ಸ್ ದಿನಾ ಕಂಪ್ಯೂಟರ್ ಹಾಕಿದಳು. ಪಟ್ಟಿ ಬರಲಿಲ್ಲ. ಯಾರಿಗೂ ಮದ್ದು ಮುಗಿಯದ ದಿನಗಳು ಮೊದಲೂ ಇದ್ದುದರಿಂದ ಯಾರೂ ವಿಚಾರಿಸಲಿಲ್ಲ. ಟೀಚರ್ ಮರಳಿ ಬಂದು ಕೇಳಿದಾಗ ಕುಂಞಮ್ಮದ್ ನಕ್ಕರು.

“ನಿಮ್ಮ ಪಟ್ಟಿಗೂ ರಜೆ ಟೀಚರೇ. ನಾಲ್ಕು ದಿವಸ ನಂಗೆ ಒಳ್ಳೆ ಬಾಡಿಗೆ ಸಿಕ್ಕಿತು.”

ಟೀಚರೂ ನಕ್ಕು ಏಜೆಂಟನ್ನು ಶುರುಮಾಡಿದರು. ಅದು ಆ ದಿನದ ಹೆಸರುಗಳನ್ನಷ್ಟೇ ಕೊಟ್ಟಿತು. ತಪ್ಪಿಹೋದ ದಿನಗಳಿಗೆ ಅದು ಹಿಂದಿರುಗಿ ನೋಡುವುದಿಲ್ಲವೆಂದು ಅವರಿಗೆ ಆಗ ನೆನಪಾಗಲಿಲ್ಲ.

ತಪ್ಪಿದ ಎರಡನೆಯ ದಿನದಲ್ಲಿ ಶ್ರೀರಂಜಿನಿಯ ಹೆಸರಿತ್ತು. ಹತ್ತೊಂಬತ್ತು ವರ್ಷದ ಹುಡುಗಿ. ಫಿಟ್ಸ್ ಬಾರದೆ ಎರಡು ವರ್ಷವಾಗಿತ್ತು. ಇನ್ನು ನಿಧಾನವಾಗಿ ಮಾತ್ರೆ ಕಡಿಮೆ ಮಾಡೋಣ ಎಂದು ಡಾಕ್ಟರು ಹಿಂದಿನ ಸಲ ಹೇಳಿದ್ದರು. ರಿಕ್ಷಾ ಬಾರದಿದ್ದಾಗ ತಾಯಿ ವೆಂಕಟಲಕ್ಷ್ಮಿ ಆ ಮಾತನ್ನೇ ನೆನೆದರು. ಮದ್ದು ಸಾಕೆಂದು ಡಾಕ್ಟರು ನಿಲ್ಲಿಸಿದ್ದಾರೆ, ಮಗಳಿಗೆ ಗುಣವಾಗಿದೆ ಎಂದು ತಿಳಿದು, ಹೊತ್ತ ಹರಕೆಯಂತೆ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿದರು. ಪೂಜೆಯ ಮೂರನೆಯ ದಿನ ಹುಡುಗಿ ಬಟ್ಟೆ ಒಗೆಯಲು ತೋಡಿಗೆ ಹೋದವಳು ನೀರಿಗೆ ಬಿದ್ದು ತೀರಿಹೋದಳು. ಮೊಣಕಾಲಿನಷ್ಟೂ ನೀರಿರಲಿಲ್ಲ.

ಸುದ್ದಿ ಕೇಳಿದ ಟೀಚರ್ ಆಕೆಯ ದಾಖಲೆ ತೆಗೆದು ತಾರೀಕು ನೋಡಿದರು. ಮತ್ತೆ ಏಜೆಂಟಿನ ದಿನಚರಿ ತೆಗೆದರು. ನಾಲ್ಕು ದಿನದ ಜಾಗ ಖಾಲಿಯಾಗಿತ್ತು. ಆ ಮಧ್ಯಾಹ್ನವೇ ಏಜೆಂಟ್ ಸ್ವಲ್ಪ ತಡೆದು, ಡೇಟಾಬೇಸ್ ಎದ್ದ ಮೇಲೆ ತಾನೇ ಶುರುವಾಗುವಂತೆ ಮಾಡಿದರು. ಅರ್ಧ ಗಂಟೆಯ ಕೆಲಸವಾಗಿತ್ತು ಅದು. ಆ ಅರ್ಧ ಗಂಟೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಾನು ಕೇಳುತ್ತೇನೆ.

ಯಾರಿಗೂ ಹೇಳದೆ ಇರಬಹುದಿತ್ತು. ಹೇಳಬೇಡಿ ಎಂದೇ ಕುಂಞಮ್ಮದ್ ಬೇಡಿಕೊಂಡರು. “ಆ ಅಮ್ಮ ಪಾಚಿಯಲ್ಲಿ ಜಾರಿದ್ದು ಅಂತ ನಂಬಿದ್ದಾರೆ ಟೀಚರೇ. ಹಾಗೇ ಇರ್ಲಿ.” ಆದರೆ ಟೀಚರ್ ಒಪ್ಪಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಆ ಮನೆಗೆ ಹೋದರು.

ಜಗಲಿಯಲ್ಲಿ ಕುಳಿತು ನಡೆದದ್ದನ್ನು ಹೇಳಿದರು. ಕಂಪ್ಯೂಟರಿನ ವಿಷಯ ಆ ತಾಯಿಗೆ ಅರ್ಥವಾಗುವುದಿಲ್ಲವೆಂದು, ಡಾಕ್ಟರು ಮದ್ದು ನಿಲ್ಲಿಸಿರಲಿಲ್ಲ, ತಾನೇ ಕಳಿಸಲು ತಪ್ಪಿದ್ದು, ಅದರಿಂದ ಫಿಟ್ಸ್ ಬಂದಿರಬೇಕು ಎಂದಷ್ಟೇ ಬಿಡಿಸಿ ಹೇಳಿದರು. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದರು.

ವೆಂಕಟಲಕ್ಷ್ಮಿ ಬೈಯಲಿಲ್ಲ. ಸೆರಗಿನ ತುದಿಯನ್ನು ಮಡಚಿದರು.

“ಹಾಗಾದ್ರೆ,” ಎಂದರು, “ಗುಣ ಆದದ್ದಲ್ವಾ ಅವಳಿಗೆ?”

ಅಲ್ಲ ಎಂದು ಟೀಚರ್ ತಲೆಯಾಡಿಸಬೇಕಾಯಿತು.